ಮಾರ್ಕ್ಸು ಕಮ್ಮಿ ಬಂದವರ ಸಬ್ಜೆಕ್ಟು

ಹೋದ ಮೇ ತಿಂಗಳಲ್ಲಿ ನಾಗಮಂಗಲದಿಂದ ಮಾವ ಫೋನ್ ಮಾಡಿದ್ದರು. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತೊಂಬತ್ತು ಪರ್ಸೆಂಟ್ ಬಂದಿತ್ತು. ಆದರೆ ಅದು ಖುಷಿ ಹಂಚಿಕೊಳ್ಳುವ ಫೋನ್ ಆಗಿರಲಿಲ್ಲ. "ಅಳೀಮಯ್ಯ, ಇವ್ಳು ಆರ್ಟ್ಸೇ ತಗೋತೀನಿ ಅಂತ ಹಟ ಹಿಡ್ದು ಕುಂತವ್ಳೆ. ರಾಜ್ಯಶಾಸ್ತ್ರ ಓದ್ಬೇಕಂತೆ. ನಿನ್ ನೋಡ್ಕಂಡೇ ಹಿಂಗಾಡ್ತಾವ್ಳೆ. ನೀನೇ ಒಸಿ ಬುದ್ಧಿ ಹೇಳು" ಅಂದರು.

'ನಿನ್ ನೋಡ್ಕಂಡೇ' ಎಂಬ ಮಾತಿನಲ್ಲಿ ಏನೇನಿತ್ತು ಎಂದು ನನಗೆ ಗೊತ್ತು. ಮೂವತ್ತರ ಹತ್ತಿರ ಬಂದರೂ ಕೆಲಸವಿಲ್ಲ, ಇನ್ನೂ ಹಾಸ್ಟೆಲ್ ಊಟ, ಪಿಎಚ್.ಡಿ. ಮುಗಿಯುವ ಲಕ್ಷಣವಿಲ್ಲ. ಎಲ್ಲವೂ ನಿಜ. ಅವತ್ತು "ಆಯ್ತು ಮಾವ, ಮಾತಾಡ್ತೀನಿ" ಎಂದು ಫೋನ್ ಇಟ್ಟೆ. ಬುದ್ಧಿ ಹೇಳಲಿಲ್ಲ. ಅವತ್ತು ಮಾವನಿಗೆ ಹೇಳಬೇಕಾಗಿದ್ದು, ಹೇಳಲಾಗದೆ ಉಳಿದದ್ದು ಇಲ್ಲಿದೆ.

ನಾನು ಪಿಯುಸಿಗೆ ಸೇರಿದ್ದು 2013ರಲ್ಲಿ. ವಿಧಾನಸಭೆ ಚುನಾವಣೆಯ ಫಲಿತಾಂಶವೂ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದಿದ್ದವು. ಅಪ್ಪ ನನ್ನನ್ನು ಕೆ.ಆರ್. ಪೇಟೆ ಕಡೆಯ ಒಂದು ಕಾಲೇಜಿಗೆ ಕರೆದುಕೊಂಡು ಹೋದರು. ಅರ್ಜಿ ತೆಗೆದುಕೊಳ್ಳುತ್ತಿದ್ದವರು ಅಂಕಪಟ್ಟಿ ನೋಡಿ, "ಕಾಮರ್ಸ್ ಆರಾಮಾಗಿ ಸಿಗ್ತದೆ, ಸೈನ್ಸೂ ಕೊಡ್ಬೋದು" ಅಂದರು. ನಾನು ಎಚ್‌ಇಪಿಎಸ್ ಅಂದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅವರು ನನ್ನನ್ನು ಬಿಟ್ಟು ಅಪ್ಪನ ಮುಖ ನೋಡಿದರು. "ಯಾಕ್ ಯಜಮಾನ್ರೇ, ಮನೇಲಿ ಏನಾರ ತೊಂದ್ರೆಯಾ?"

ವಾಪಸ್ ಬರುವಾಗ ಬಸ್‌ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಅಪ್ಪನ ಪರಿಚಯದವರೊಬ್ಬರು ಸಿಕ್ಕರು. "ಏನ್ಲಾ ಮಗಾ, ಆರ್ಟ್ಸಾ? ಮಾರ್ಕ್ಸು ಕಮ್ಮಿ ಬಂತಾ?" ಅಪ್ಪ ಮಾತಾಡಲಿಲ್ಲ. ನಾನೇ, ರಾಜ್ಯಶಾಸ್ತ್ರ ಇಷ್ಟ ಅಂದೆ. "ರಾಜಕೀಯ ಮಾಡಕೆ ಓದ್ಬೇಕೇನ್ಲಾ?" ಎಂದು ಅವರು ನಕ್ಕರು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಗು ಮುಗಿದ ಮೇಲೆ ಅದೇ ಬೆಂಚಿನ ಮೇಲೆ ಮುಕ್ಕಾಲು ಗಂಟೆ ನಡೆದದ್ದು ಏನು ಗೊತ್ತೆ? ಯಾವ ಬೂತಿನಲ್ಲಿ ಯಾರಿಗೆ ಲೀಡು, ಯಾವ ಹೋಬಳಿ ಕೈಕೊಟ್ಟಿತು, ಮೇಲುಕೋಟೆಯಲ್ಲಿ ಪುಟ್ಟಣ್ಣಯ್ಯ ಹೇಗೆ ಗೆದ್ದರು, ಮುಖ್ಯಮಂತ್ರಿ ಯಾರಾಗುತ್ತಾರೆ. ಅಷ್ಟು ಬಿಸಿಯಾದ ಚರ್ಚೆಯನ್ನು ಆಮೇಲೆ ವಿಶ್ವವಿದ್ಯಾಲಯದ ಸೆಮಿನಾರುಗಳಲ್ಲೂ ನಾನು ಅಪರೂಪಕ್ಕೆ ಕೇಳಿದ್ದೇನೆ.

ಈಗ ಕ್ಷೇತ್ರಕಾರ್ಯಕ್ಕೆಂದು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತುತ್ತೇನೆ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳಲ್ಲಿ ಈ ನಾಲ್ಕು ಸೇರಿ ಪಾಂಡವಪುರ ಉಪವಿಭಾಗ. ನಾಲ್ಕೂ ಕಡೆ ಟೀ ಅಂಗಡಿಯ ಮಾತು ಅದೇ, ಪ್ರವೇಶದ ಮೇಜಿನ ಪ್ರಶ್ನೆಯೂ ಅದೇ. ರಾಜಕೀಯವನ್ನು ಅನ್ನದ ಜೊತೆ ಕಲಸಿ ಉಣ್ಣುವ ಈ ಊರುಗಳು ಅದರ ಶಾಸ್ತ್ರವನ್ನು ಮಾತ್ರ ಬೇರೆ ಎಲ್ಲೂ ಸೀಟು ಸಿಗದ ಮಕ್ಕಳಿಗೆಂದು ಎತ್ತಿಟ್ಟಿವೆ. ಇದನ್ನು ನಾವು ತಮಾಷೆಯಾಗಿ ನೋಡುವುದನ್ನು ಬಿಡಬೇಕು. ಇದರಿಂದ ನಷ್ಟವಾಗುತ್ತಿರುವುದು ನಮಗೆ, ಲಾಭವಾಗುತ್ತಿರುವುದು ನಮ್ಮಿಂದ ಲೆಕ್ಕ ಕೇಳಿಸಿಕೊಳ್ಳಬೇಕಾದವರಿಗೆ.

ಹಂಚಿಕೆ ನಡೆಯುವ ಕ್ರಮ ನೋಡಿ. ಹೆಚ್ಚು ಅಂಕ ಬಂದವರು ಪಿಸಿಎಂಬಿಗೆ. ಅಲ್ಲಿ ಆಗದವರು ಕಾಮರ್ಸ್‌ಗೆ. ಉಳಿದವರು ಆರ್ಟ್ಸ್‌ಗೆ. ಖಾಸಗಿ ಕಾಲೇಜುಗಳ ಫ್ಲೆಕ್ಸುಗಳಲ್ಲಿ ನೀಟ್, ಜೆಇಇ, ಸಿಇಟಿ ರ‍್ಯಾಂಕುಗಳ ಫೋಟೊ ಇರುತ್ತದೆ. ಅವುಗಳಲ್ಲಿ ಹಲವೆಡೆ ಆರ್ಟ್ಸ್ ವಿಭಾಗವೇ ಇರುವುದಿಲ್ಲ. ಹಾಗಾಗಿ ರಾಜ್ಯಶಾಸ್ತ್ರ ಉಳಿದಿರುವುದು ಬಹುಮಟ್ಟಿಗೆ ಸರ್ಕಾರಿ ಕಾಲೇಜುಗಳಲ್ಲಿ. ನಾನು ಕಂಡ ತರಗತಿಗಳಲ್ಲಿ ಕೂತಿರುವವರು ಕೂಲಿಯವರ ಮಕ್ಕಳು, ಸಣ್ಣ ಹಿಡುವಳಿಯವರ ಮಕ್ಕಳು, 'ಮದುವೆ ಆಗೋವರೆಗೆ ಓದ್ಲಿ' ಎಂದು ಕಳಿಸಿದ ಹೆಣ್ಣುಮಕ್ಕಳು. ಅವರಿಗೆ ಮೊದಲ ದಿನದಿಂದಲೇ ತಾವು ಸೋತು ಇಲ್ಲಿಗೆ ಬಂದವರು ಎಂದು ಗೊತ್ತಿರುತ್ತದೆ. ಗೊತ್ತಾಗುವಂತೆ ನಾವು ಮಾಡಿರುತ್ತೇವೆ.

ಇನ್ನೊಂದು ಕಡೆ, ಮುಂದೆ ಡಾಕ್ಟರ್, ಎಂಜಿನಿಯರ್, ಲೆಕ್ಕಪರಿಶೋಧಕ ಆಗುವ ಹುಡುಗ ಸರ್ಕಾರ ಎಂದರೇನು ಎಂದು ಓದುವುದು ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ. ಅಲ್ಲಿಗೆ ಮುಗಿಯಿತು. ಮತ್ತೆ ಪದವಿಯಲ್ಲಿ ಸಂವಿಧಾನದ ಒಂದು ಪತ್ರಿಕೆ ಬಂದರೆ ಬಂತು. ಅದನ್ನೂ ಹಿಂದಿನ ರಾತ್ರಿ ಓದಿ ಪಾಸಾಗುತ್ತಾನೆ. ಈ ನಡುವಿನ ಎರಡು ವರ್ಷಗಳಲ್ಲಿ ಏನಾಗುತ್ತದೆ? ಅವನಿಗೆ ಹದಿನೆಂಟು ತುಂಬುತ್ತದೆ. 1988ರ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಈಗಂತೂ ಹದಿನೇಳು ತುಂಬಿದವರು ಮುಂಚಿತವಾಗಿಯೇ ಮತದಾರರ ಪಟ್ಟಿಗೆ ಅರ್ಜಿ ಹಾಕಬಹುದು. ಓಟು ಕೈಗೆ ಬರುವ ವರ್ಷದಲ್ಲೇ ಓಟಿನ ಬಗ್ಗೆ ಓದುವುದನ್ನು ಬಹುಪಾಲು ಮಕ್ಕಳಿಗೆ ನಿಲ್ಲಿಸುತ್ತೇವೆ.

ಹಾಗಾದರೆ ಆರ್ಟ್ಸ್ ಮಕ್ಕಳು ಧನ್ಯರೇ? ಅವರಿಗೆ ನಾವು ಕೊಡುತ್ತಿರುವುದೇನು? ಒಂದು ಅಂಕದ ಪ್ರಶ್ನೆ, ಎರಡು ಅಂಕದ ಪ್ರಶ್ನೆ, ಐದು, ಹತ್ತು. ರಾಜ್ಯದ ಮೂಲಾಂಶಗಳು ಎಷ್ಟು? ನಾಲ್ಕು. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಬರೆದರೆ ಅಂಕ ಬಂತು. ಪರಮಾಧಿಕಾರ ಎಂದರೇನು ಎಂದು ನಾನು ಎರಡು ವರ್ಷ ಬಾಯಿಪಾಠ ಮಾಡಿದ್ದೇನೆ. ಆದರೆ ಅದರ ಅರ್ಥ ಕಾಣುವ ಊರು ನಮ್ಮ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿತ್ತು ಎಂದು ಒಬ್ಬರೂ ಹೇಳಲಿಲ್ಲ.

ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. 1799ರ ಮೇ 4ರಂದು ಕೋಟೆ ಬಿತ್ತು. ಆಮೇಲೆ ಒಡೆಯರ ವಂಶದ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆ ತೆಗೆದುಕೊಂಡರು, 1881ರಲ್ಲಿ ಷರತ್ತುಗಳೊಡನೆ ಹಿಂದಿರುಗಿಸಿದರು. ಅದೇ 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಈಗ ಹುಡುಗರನ್ನು ಕೇಳಿ: 1799ರಿಂದ 1947ರವರೆಗಿನ ಮೈಸೂರು ರಾಜ್ಯವೇ, ಅಲ್ಲವೇ? ಜನರಿದ್ದರು, ನೆಲವಿತ್ತು, ಸರ್ಕಾರವಿತ್ತು. ನಾಲ್ಕನೆಯದು ಇತ್ತೇ? ಅದಿಲ್ಲದೆಯೂ ಪ್ರತಿನಿಧಿಗಳ ಸಭೆ ನಡೆಯಿತಲ್ಲ, ಆ ಸಭೆಗೆ ಏನು ಬೆಲೆ? ಬಾಯಿಪಾಠದಿಂದ ಇದಕ್ಕೆ ಉತ್ತರ ಬರೆಯಲಾಗುವುದಿಲ್ಲ. ಯೋಚಿಸಬೇಕು, ಪಕ್ಕದವನ ಜೊತೆ ಜಗಳವಾಡಬೇಕು.

ಅದೇ ಊರಿನ ತಾಲ್ಲೂಕಿನಲ್ಲಿ ಕನ್ನಂಬಾಡಿ ಕಟ್ಟೆ ಇದೆ. ಕೇಂದ್ರ-ರಾಜ್ಯ ಸಂಬಂಧಗಳು ಎಂಬುದು ನಮಗೆ ಹತ್ತು ಅಂಕದ ಪ್ರಶ್ನೆ. ನಮ್ಮ ಮನೆಗಳಲ್ಲಿ ಅದು ಭತ್ತದ ನಾಟಿ ಆಗುತ್ತದೋ ಇಲ್ಲವೋ ಎಂಬ ಪ್ರಶ್ನೆ. 1924ರ ಒಪ್ಪಂದ, 1990ರ ನ್ಯಾಯಮಂಡಳಿ, 1991ರ ಮಧ್ಯಂತರ ಆದೇಶ, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿ ಅಡಿಗೆ ಇಳಿಯಿತು ಎಂದು ಮಂಡ್ಯದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ 1991ರಲ್ಲಿ ಮಧ್ಯಂತರ ಆದೇಶವನ್ನು ತಪ್ಪಿಸಿಕೊಳ್ಳಲು ನಮ್ಮ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆಯನ್ನು ಸುಪ್ರೀಂ ಕೋರ್ಟ್ ಯಾಕೆ ಒಪ್ಪಲಿಲ್ಲ? ನದಿ ವ್ಯಾಜ್ಯಗಳಿಂದ ಕೋರ್ಟುಗಳನ್ನು ದೂರವಿಡಬಹುದು ಎಂದು ಸಂವಿಧಾನದ 262ನೇ ವಿಧಿ ಹೇಳುವಾಗ, 2018ರಲ್ಲಿ ಅದೇ ಕೋರ್ಟ್ ತೀರ್ಪು ಕೊಟ್ಟದ್ದು ಹೇಗೆ? ಹೆದ್ದಾರಿ ತಡೆದು ಕೂತ ಎಷ್ಟೋ ಹುಡುಗರಿಗೆ ಇದು ಗೊತ್ತಿರಲಿಲ್ಲ. ಅವರ ಮುಂದೆ ನಿಂತು ಮೈಕ್ ಹಿಡಿದಿದ್ದವರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ನನಗೆ ಅನುಮಾನ. ಹೋರಾಟ ಬೇಡ ಎನ್ನುತ್ತಿಲ್ಲ. ಕೇಸಿನ ಅರಿವಿರುವ ಹೋರಾಟಗಾರನನ್ನು ಸಂಜೆಯ ಹೊತ್ತಿಗೆ ಸಮಾಧಾನ ಮಾಡಿ ಮನೆಗೆ ಕಳಿಸುವುದು ಕಷ್ಟ ಎನ್ನುತ್ತಿದ್ದೇನೆ.

ಕೆ.ಆರ್. ಪೇಟೆಗೆ ಬನ್ನಿ. ಪಕ್ಷಾಂತರ ನಿಷೇಧ ಕಾಯ್ದೆ, ಹತ್ತನೇ ಅನುಸೂಚಿ, 52ನೇ ತಿದ್ದುಪಡಿ, 1985. ನಮ್ಮ ನೋಟ್ಸ್‌ನಲ್ಲಿ ಇದ್ದದ್ದು ಇಷ್ಟೇ. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಬಿದ್ದಾಗ ಅನರ್ಹಗೊಂಡ ಹದಿನೇಳು ಶಾಸಕರಲ್ಲಿ ಕೆ.ಆರ್. ಪೇಟೆಯ ಶಾಸಕರೂ ಒಬ್ಬರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂಬ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್ 5ರಂದು ಉಪಚುನಾವಣೆ. ಅದೇ ಅಭ್ಯರ್ಥಿ ಬೇರೆ ಪಕ್ಷದಿಂದ ಗೆದ್ದು, 2020ರಲ್ಲಿ ಮಂತ್ರಿಯಾದರು. ಅನರ್ಹತೆ ಎಂದರೆ ಶಿಕ್ಷೆಯೇ? ಶಿಕ್ಷೆಯಾದರೆ ಆರು ತಿಂಗಳಲ್ಲಿ ಮುಗಿಯಿತೇ? ಜನ ಮತ್ತೆ ಗೆಲ್ಲಿಸಿದ ಮೇಲೆ ಕಾಯ್ದೆಗೆ ಏನು ಅರ್ಥ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಒಂದು ವಾರ ಪಾಠ ಮಾಡಬಹುದು. ಆ ವರ್ಷ ಆ ತಾಲ್ಲೂಕಿನ ಪಿಯುಸಿ ಹುಡುಗರು ಪ್ರಚಾರದ ಧ್ವನಿವರ್ಧಕ ಕೇಳುತ್ತ, ಕಿಟಕಿ ಮುಚ್ಚಿಕೊಂಡು, 52ನೇ ತಿದ್ದುಪಡಿ ಯಾವ ವರ್ಷ ಎಂದು ಉರು ಹೊಡೆದಿರುತ್ತಾರೆ.

ಪಾಂಡವಪುರದಲ್ಲಿ ಮತ್ತೊಂದು ಪಾಠ. ತಾಲ್ಲೂಕಿನ ಹೆಸರು ಪಾಂಡವಪುರ, ವಿಧಾನಸಭಾ ಕ್ಷೇತ್ರದ ಹೆಸರು 2008ರ ಚುನಾವಣೆಯಿಂದ ಮೇಲುಕೋಟೆ. ಕ್ಷೇತ್ರ ಪುನರ್ವಿಂಗಡಣೆ ಎಂದರೇನು ಎಂದು ತಿಳಿಸಲು ಇಷ್ಟು ಸಾಕು. ಇನ್ನು ರೈತ ಚಳವಳಿ. 1980ರಲ್ಲಿ ಹುಟ್ಟಿದ ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಹೋದರು. ನಡುವೆ ಸೋಲುಗಳೂ ಇದ್ದವು. ಬೀದಿಯಲ್ಲಿದ್ದ ಚಳವಳಿ ಸದನಕ್ಕೆ ಹೋದರೆ ಅದಕ್ಕೆ ಬಲ ಬರುತ್ತದೋ, ಬಲ ಕರಗುತ್ತದೋ? ಸಾಮಾಜಿಕ ಚಳವಳಿಗಳ ಪಾಠದಲ್ಲಿ ನಾವು 'ಕಾರಣಗಳು, ಉದ್ದೇಶಗಳು, ಪರಿಣಾಮಗಳು' ಎಂದು ಮೂರು ಉಪಶೀರ್ಷಿಕೆ ಬರೆಸುತ್ತೇವೆ. ಹಸಿರು ಶಾಲು ಹೊದ್ದ ಅಜ್ಜನೊಬ್ಬನನ್ನು ತರಗತಿಗೆ ಕರೆದು ಕೂರಿಸಿದರೆ ಮೂರಕ್ಕೂ ಉತ್ತರ ಸಿಗುತ್ತದೆ. ಪುಸ್ತಕದಲ್ಲಿಲ್ಲದ ನಾಲ್ಕನೆಯದೂ ಸಿಗುತ್ತದೆ: ಎಲ್ಲಿ ತಪ್ಪಿದೆವು ಎಂಬುದು.

ನಾಗಮಂಗಲದ ಪಾಠ ನನಗೆ ಎಲ್ಲಕ್ಕಿಂತ ಹತ್ತಿರದ್ದು. 2023ರ ವಿಧಾನಸಭೆ ಚುನಾವಣೆಗೆ ಮುನ್ನ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರುಗಳು ನಮ್ಮ ಜಿಲ್ಲೆಯ ಗಾಳಿಯಲ್ಲೆಲ್ಲ ತುಂಬಿಕೊಂಡವು. ಟಿಪ್ಪುವನ್ನು ಕೊಂದವರು ಇವರೇ ಎಂದು ಭಾಷಣವಾಯಿತು, ಸಿನಿಮಾ ಮಾಡುತ್ತೇವೆ ಎಂಬ ಘೋಷಣೆಯಾಯಿತು. ಕೊನೆಗೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ಸ್ವಾಮೀಜಿ, ಇದಕ್ಕೆ ಐತಿಹಾಸಿಕ ಆಧಾರ ಎಲ್ಲಿದೆ ಎಂಬ ಪ್ರಶ್ನೆ ಎತ್ತಿದ ಮೇಲೆ ಸಿನಿಮಾದ ಮಾತು ನಿಂತಿತು. ಸ್ವಾಮೀಜಿ ಕೇಳಿದ್ದು ಸರಿ. ಆದರೆ ಆ ಪ್ರಶ್ನೆಯನ್ನು ಕೇಳಲು ಮಠದವರೇ ಬೇಕಾಯಿತಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಆಧಾರ ಕೇಳುವುದು ಪಿಯುಸಿ ಓದಿದ ಯಾವ ಹುಡುಗ ಹುಡುಗಿಯಿಂದಲೂ ಆಗಬೇಕಿದ್ದ ಕೆಲಸ. ನಾವು ಸುಮ್ಮನಿದ್ದೆವು, ಇಲ್ಲವೇ ವಾಟ್ಸ್ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಿದೆವು.

ಈಗ ಎದುರು ಮಾತುಗಳಿಗೆ ಬರುತ್ತೇನೆ. ಮೊದಲನೆಯದು ಮಾವನದ್ದೇ: ಓದಿ ಕೆಲಸ ಸಿಗುತ್ತದೆಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಬಡವರ ಮನೆಯಲ್ಲಿ ಅದು ಮೊದಲ ಪ್ರಶ್ನೆಯೇ ಆಗಬೇಕು. ಆದರೆ ನಮ್ಮ ಊರುಗಳ ಕನಸಿನ ಕೆಲಸಗಳ ಪಟ್ಟಿ ನೋಡಿ. ಪಿಡಿಒ, ಗ್ರಾಮ ಆಡಳಿತಾಧಿಕಾರಿ, ಎಫ್‌ಡಿಎ, ಪಿಎಸ್‌ಐ, ಕೆಎಎಸ್. ಇವುಗಳ ಪರೀಕ್ಷೆಗಳಲ್ಲೆಲ್ಲ ಸಂವಿಧಾನ, ಆಡಳಿತ, ಪಂಚಾಯತ್ ರಾಜ್ ಕೇಳುತ್ತಾರೆ. ಪಿಯುಸಿಯಲ್ಲಿ ಪುಕ್ಕಟೆ ಸಿಗುತ್ತಿದ್ದ ವಿಷಯವನ್ನು ಬೇಡವೆಂದ ಅದೇ ಮನೆಯವರು, ಬಿಇ ಮುಗಿಸಿದ ಮಗನನ್ನು ಬೆಂಗಳೂರಿನ ವಿಜಯನಗರದ ಕೋಚಿಂಗ್ ಸೆಂಟರಿಗೆ ಕಳಿಸಿ, ಪಿ.ಜಿ. ಬಾಡಿಗೆ ಕಟ್ಟಿ, ಮೂಲಭೂತ ಹಕ್ಕುಗಳು ಎಷ್ಟು ಎಂದು ಕಲಿಸುತ್ತಿದ್ದಾರೆ. ಹಾಗೆಂದು ಕೆಲಸಕ್ಕಾಗಿಯೇ ರಾಜ್ಯಶಾಸ್ತ್ರ ಓದಿ ಎಂದು ನಾನು ಹೇಳುವುದಿಲ್ಲ. ಅಂಥ ಪ್ರಚಾರಕ್ಕೆ ಕೋಚಿಂಗ್ ಸೆಂಟರಿನವರು ಇದ್ದಾರೆ. ಕೆಲಸ ಸಿಗುವುದಿಲ್ಲ ಎಂಬ ನೆಪ ಅಷ್ಟು ಗಟ್ಟಿಯಲ್ಲ ಎಂದಷ್ಟೇ ಹೇಳುತ್ತೇನೆ.

ಎರಡನೆಯದು: ಕಾಲೇಜಿಗೆ ರಾಜಕೀಯ ತರಬೇಡಿ. ಇದನ್ನು ಹೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲಿರುತ್ತಾರೆ. ನಮ್ಮ ಸರ್ಕಾರಿ ಪದವಿಪೂರ್ವ ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ವಾರ್ಷಿಕೋತ್ಸವದ ಫ್ಲೆಕ್ಸಿನಲ್ಲಿ ಮುಖಂಡರ ಮುಖಗಳ ನಡುವೆ ಕಾಲೇಜಿನ ಹೆಸರು ಹುಡುಕಬೇಕು. ಕಾಲೇಜು ಕಟ್ಟಡ ಎಲ್ಲಿ ಆಗಬೇಕು, ಯಾವ ಊರಿಗೆ ಬಸ್ಸು ಬಿಡಬೇಕು, ಎಲ್ಲವೂ ರಾಜಕೀಯದಲ್ಲೇ ತೀರ್ಮಾನವಾಗುತ್ತದೆ. ರಾಜಕಾರಣಿಗಳು ಕಾಲೇಜಿನೊಳಗೆ ಬರಬಹುದು, ರಾಜಕೀಯದ ಪ್ರಶ್ನೆ ಬರಬಾರದು ಎಂದಾದರೆ, ಇದು ಮಕ್ಕಳನ್ನು ಕಾಪಾಡುವ ಕಾಳಜಿಯಲ್ಲ. ಪಕ್ಷದ ಪ್ರಚಾರ ತರಗತಿಗೆ ಬರಬಾರದು, ಒಪ್ಪುತ್ತೇನೆ. ಅದನ್ನು ತಡೆಯಲು ಇರುವ ದಾರಿಯೇ ರಾಜ್ಯಶಾಸ್ತ್ರವನ್ನು ಸರಿಯಾಗಿ ಕಲಿಸುವುದು.

ಈ ಭಯ ನಮ್ಮ ತಾಲ್ಲೂಕುಗಳದ್ದು ಮಾತ್ರವಲ್ಲ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಮಕ್ಕಳ ಹೊರೆ ಇಳಿಸಲು ಸಿಬಿಎಸ್‌ಇ ಆ ವರ್ಷದ ಪಠ್ಯವನ್ನು ಕಡಿತ ಮಾಡಿತು. ಹನ್ನೊಂದನೇ ತರಗತಿಯ ರಾಜ್ಯಶಾಸ್ತ್ರದಲ್ಲಿ ಕೈಬಿಟ್ಟದ್ದು ಯಾವ ಪಾಠಗಳನ್ನು? ಒಕ್ಕೂಟ ವ್ಯವಸ್ಥೆ, ಪೌರತ್ವ, ರಾಷ್ಟ್ರೀಯತೆ, ಜಾತ್ಯತೀತತೆ. ದೇಶವೆಲ್ಲ ಬೀದಿಯಲ್ಲಿ ನಿಂತು ಇವುಗಳ ಬಗ್ಗೆಯೇ ಜಗಳವಾಡಿ ಇನ್ನೂ ವರ್ಷ ತುಂಬಿರಲಿಲ್ಲ. ಇದಕ್ಕೆ ಹೋಲಿಸಿದರೆ ಇಂಗ್ಲೆಂಡಿನ ದಾರಿ ಬೇರೆ. ರಾಜ್ಯಶಾಸ್ತ್ರದ ಪ್ರಾಧ್ಯಾಪಕ ಬರ್ನಾರ್ಡ್ ಕ್ರಿಕ್ ಅಧ್ಯಕ್ಷತೆಯ ಸಮಿತಿ 1998ರಲ್ಲಿ ವರದಿ ಕೊಟ್ಟಿತು, 2002ರಿಂದ ಅಲ್ಲಿನ ಪ್ರೌಢಶಾಲೆಗಳಲ್ಲಿ ಪೌರಶಿಕ್ಷಣ ಕಡ್ಡಾ‍ಯವಾಯಿತು. ಅಲ್ಲಿ ಎಲ್ಲವೂ ಸರಿಹೋಯಿತು ಎಂದಲ್ಲ. ಎಂಜಿನಿಯರ್ ಆಗುವವನಿಗೂ ಇದು ಬೇಕು ಎಂದು ಒಂದು ದೇಶ ಒಪ್ಪಿಕೊಂಡಿತು ಎಂಬುದು ಮುಖ್ಯ.

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ನಮ್ಮ ಜನ ಟೀ ಅಂಗಡಿಯಲ್ಲೇ ರಾಜಕೀಯ ಕಲಿಯುತ್ತಾರೆ, ಕಾಲೇಜು ಯಾಕೆ? ಟೀ ಅಂಗಡಿಯನ್ನು ನಾನು ಕೀಳಾಗಿ ಕಾಣುವುದಿಲ್ಲ. ನನ್ನ ಪ್ರಬಂಧದ ಅರ್ಧ ಅಲ್ಲಿಂದಲೇ ಬಂದಿದೆ. ಯಾರು, ಯಾರ ಕಡೆಯವರು, ಎಷ್ಟು ಓಟು ಎಂಬುದು ಅಲ್ಲಿ ಕರಾರುವಾಕ್ಕಾಗಿ ಗೊತ್ತಿರುತ್ತದೆ. ಆದರೆ ಅಲ್ಲಿ ಎಂದೂ ಏಳದ ಪ್ರಶ್ನೆಗಳಿವೆ. ಒಂದನ್ನು ಹೇಳುತ್ತೇನೆ. ಪಂಚಾಯಿತಿಗಳ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಕರ್ನಾಟಕದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಹೊಸ ಆಯೋಗಕ್ಕೆ ಕೊಟ್ಟರು, ಮೀಸಲಾತಿಯ ಪಟ್ಟಿ ಎಂದರು, ಕೋರ್ಟು ಎಂದರು. ಸರ್ಕಾರ ಬದಲಾಯಿತು, ವರ್ಷಗಳು ಉರುಳಿದವು, ಚುನಾವಣೆ ಮಾತ್ರ ಆಗಲಿಲ್ಲ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಜನಪ್ರತಿನಿಧಿಗಳ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು. ಈ ಬಗ್ಗೆ ಯಾವ ಟೀ ಅಂಗಡಿಯಲ್ಲೂ ಸಿಟ್ಟು ಕಾಣಲಿಲ್ಲ. ಟಿಕೆಟ್ ಯಾರಿಗೆ ಎಂಬ ಕುತೂಹಲ ಮಾತ್ರ ಇತ್ತು. ಇತ್ತ ಪಿಯುಸಿ ಮಕ್ಕಳು 'ಪಂಚಾಯತ್ ರಾಜ್ ಸಂಸ್ಥೆಗಳ ಅವಧಿ ಐದು ವರ್ಷ' ಎಂದು ಬರೆದು ಅಂಕ ಪಡೆಯುತ್ತಲೇ ಇದ್ದಾರೆ.

ಟೀ ಅಂಗಡಿಗೆ ಇನ್ನೊಂದು ಕೊರತೆಯಿದೆ. ಅಲ್ಲಿ ಕೂರುವವರು ಯಾರು? ಗಂಡಸರು. ಅವರಲ್ಲೂ ಊರಲ್ಲಿ ಮಾತು ನಡೆಯುವ ಜಾತಿಯ ಗಂಡಸರು ಬೆಂಚಿನ ಮೇಲೆ, ಉಳಿದವರು ಅಂಚಿನಲ್ಲಿ. ಹೆಣ್ಣುಮಕ್ಕಳು ಆ ಅಂಗಡಿಯ ಮುಂದೆ ತಲೆ ತಗ್ಗಿಸಿ ಬೇಗ ದಾಟಿ ಹೋಗುತ್ತಾರೆ. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಆದರೆ ಅಧ್ಯಕ್ಷರ ಕೊಠಡಿಗೆ ಹೋದರೆ ಎಷ್ಟೋ ಕಡೆ ಅಧ್ಯಕ್ಷೆಯ ಗಂಡ ಮಾತಾಡುತ್ತಾನೆ. ಹೆಂಗಸರು ರಾಜಕೀಯದ ಮಾತನ್ನು ನಾಚಿಕೆಯಿಲ್ಲದೆ ಆಡಿ ರೂಢಿಯಾಗುವ ಜಾಗ ನಮ್ಮ ಊರುಗಳಲ್ಲಿ ಎಲ್ಲಿದೆ? ಪಿಯುಸಿಯ ರಾಜ್ಯಶಾಸ್ತ್ರದ ತರಗತಿಯನ್ನು ಬಿಟ್ಟರೆ ನನಗೆ ಬೇರೆ ಕಾಣುವುದಿಲ್ಲ. ಅದನ್ನೂ 'ಮಾರ್ಕ್ಸು ಕಮ್ಮಿ ಬಂದವರದ್ದು' ಎಂದು ಹೀಗಳೆದರೆ ಅವರಿಗೆ ಉಳಿಯುವುದು ಮನೆಯ ಮೂಲೆಯೇ.

ಕಳೆದ ವರ್ಷ ಒಂದು ಸರ್ಕಾರಿ ಕಾಲೇಜಿನಲ್ಲಿ ಮಾತಾಡಲು ಕರೆದಿದ್ದರು. ಗ್ರಾಮಸಭೆಯ ಬಗ್ಗೆ ಹೇಳುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸಾರ್, ನಮ್ಮವ್ವ ಪಂಚಾಯ್ತಿ ಮೆಂಬರು. ಮೀಟಿಂಗಿಗೆ ಹೋಗದೇ ಇದ್ರೂ ಪುಸ್ತಕ ಮನೆಗೇ ತಂದು ಸೈನ್ ಹಾಕಿಸ್ಕತಾರೆ. ಅದು ಸರೀನಾ?" ತರಗತಿ ಗಪ್‌ಚಿಪ್ ಆಯಿತು. ನನ್ನ ಪಕ್ಕದಲ್ಲಿದ್ದ ಉಪನ್ಯಾಸಕರು ಗಡಿಯಾರ ನೋಡಿದರು. ನಾನು ಸರಿಯಲ್ಲ ಅಂದೆ, ಯಾಕೆ ಎಂದು ವಿವರಿಸಿದೆ. ಅವಳು ಬರೆದುಕೊಂಡಳು. ಅವತ್ತು ಮನೆಗೆ ಹೋಗಿ ಅವ್ವನಿಗೆ ಹೇಳಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಆ ಪ್ರಶ್ನೆ ಪಿಸಿಎಂಬಿ ತರಗತಿಯಲ್ಲಿ ಏಳಲು ಜಾಗವಿಲ್ಲ, ಟೀ ಅಂಗಡಿಯಲ್ಲಿ ಏಳಲು ಅವಳಿಗೆ ಜಾಗವಿಲ್ಲ.

ಬೈಗುಳದಲ್ಲಿ ನಮ್ಮ ಪಾಲನ್ನೂ ತೆಗೆದುಕೊಳ್ಳಬೇಕು. ಈ ವಿಷಯವನ್ನು ಸಾಯಿಸಿದವರಲ್ಲಿ ಅದನ್ನೇ ಓದಿ ಉಣ್ಣುತ್ತಿರುವ ನಾವೂ ಇದ್ದೇವೆ. ಉಪನ್ಯಾಸಕರು ಚುನಾವಣೆ ಬಂದಾಗ ಮತಗಟ್ಟೆ ಅಧಿಕಾರಿಗಳಾಗಿ ಹೋಗುತ್ತಾರೆ. ಇವಿಎಂ ಜೋಡಿಸುತ್ತಾರೆ, ಅಣಕು ಮತದಾನ ನಡೆಸುತ್ತಾರೆ, ಏಜೆಂಟರಿಗೆ 17ಸಿ ನಮೂನೆ ತುಂಬಿ ಕೊಡುತ್ತಾರೆ. ವಾಪಸ್ ಬಂದು 'ಚುನಾವಣಾ ವ್ಯವಸ್ಥೆ' ಪಾಠವನ್ನು ಹಳೆಯ ನೋಟ್ಸಿನಿಂದ ಓದಿ ಬರೆಸುತ್ತಾರೆ. ನಾವು ಸಂಶೋಧಕರು ಇನ್ನೂ ಒಂದು ಕೈ ಮೇಲೆ. ಮಂಡ್ಯದ ಬಗ್ಗೆ ಬರೆದದ್ದನ್ನು ಮಂಡ್ಯದವರು ಓದಲಾಗದ ಇಂಗ್ಲಿಷಿನಲ್ಲಿ, ಮಂಡ್ಯಕ್ಕೆ ಬಾರದ ಜರ್ನಲ್ಲುಗಳಲ್ಲಿ ಪ್ರಕಟಿಸುತ್ತೇವೆ. ಪಿಯುಸಿ ಮಕ್ಕಳಿಗೆ ಕನ್ನಡದಲ್ಲಿ ಹತ್ತು ಪುಟ ಬರೆದುಕೊಡಲು ನಮಗೆ ಪುರುಸೊತ್ತಿಲ್ಲ, ಅದಕ್ಕೆ ಅಂಕವೂ ಇಲ್ಲ. ನನ್ನ ಮೇಲೂ ಈ ಆರೋಪವಿದೆ.

ಆಗಬೇಕಾದದ್ದು ಏನು? ಮೂರು ಕೇಳುತ್ತೇನೆ. ಒಂದು, ವಿಜ್ಞಾನ, ವಾಣಿಜ್ಯ ಎನ್ನದೆ ಎಲ್ಲ ಪಿಯುಸಿ ಮಕ್ಕಳಿಗೂ ವಾರಕ್ಕೆ ಎರಡು ಪಿರಿಯಡ್ಡಿನ ಒಂದು ರಾಜ್ಯಶಾಸ್ತ್ರ ಪತ್ರಿಕೆ ಇರಲಿ. ಎರಡು, ಈಗ ಆಂತರಿಕ ಮೌಲ್ಯಮಾಪನಕ್ಕೆ ಇಪ್ಪತ್ತು ಅಂಕ ಇಟ್ಟಿದ್ದಾರೆ. ಅದನ್ನು ಇಂಟರ್‌ನೆಟ್‌ನಿಂದ ಇಳಿಸಿದ ಪ್ರಾಜೆಕ್ಟಿಗೆ ಹಂಚಬೇಡಿ. ಗ್ರಾಮಸಭೆಗೆ ಹೋಗಿ ನಡಾವಳಿ ಬರೆಯಲಿ, ತಮ್ಮ ಬೂತಿನ ಮತದಾರರ ಪಟ್ಟಿಯಲ್ಲಿ ಸತ್ತವರೆಷ್ಟು, ಬಿಟ್ಟುಹೋದವರೆಷ್ಟು ಎಂದು ಲೆಕ್ಕ ಹಾಕಲಿ, ನಾಲೆಯ ಕೊನೆಯ ಗದ್ದೆಗೆ ನೀರು ಯಾಕೆ ಬರುವುದಿಲ್ಲ ಎಂದು ಕೇಳಿ ಬರಲಿ. ಮೂರು, ಪ್ರವೇಶದ ಮೇಜಿನಲ್ಲಿ ಕೂತವರು 'ಮನೇಲಿ ಏನಾರ ತೊಂದ್ರೆಯಾ' ಎಂದು ಕೇಳುವುದನ್ನು ನಿಲ್ಲಿಸಲಿ. ಮೂರನೆಯದಕ್ಕೆ ಸರ್ಕಾರದ ಆದೇಶವೂ ಬೇಡ, ಅನುದಾನವೂ ಬೇಡ.

ಮಾವನ ಮಗಳು ಕೊನೆಗೆ ಎಚ್‌ಇಪಿಎಸ್ಸೇ ತೆಗೆದುಕೊಂಡಳು. ಅದರಲ್ಲಿ ನನ್ನ ಪಾತ್ರವಿಲ್ಲ, ಅವಳ ಹಟದ್ದೇ ಎಲ್ಲ. ಮೊನ್ನೆ ಊರಿಗೆ ಹೋದಾಗ ಮಾವ ಇನ್ನೂ ಮುನಿಸಿಕೊಂಡಿದ್ದರು. ಊಟಕ್ಕೆ ಕೂತಾಗ ಅವಳು ಕೇಳಿದಳು, "ಅಪ್ಪಾ, ನಮ್ ತಾಲ್ಲೂಕ್ ಪಂಚಾಯ್ತಿ ಮೆಂಬರ್ ಯಾರು?" ಮಾವ ಥಟ್ಟನೆ ಒಂದು ಹೆಸರು ಹೇಳಿದರು. "ಅವ್ರ ಅವಧಿ ಮುಗ್ದು ಯಾವ್ ಕಾಲ ಆಯ್ತು. ಈಗ ಯಾರೂ ಇಲ್ಲ" ಅಂದಳು. ಮಾವ ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದರು. "ಹೌದೇನ್ಲಾ? ಮತ್ತೆ ಎಲೆಕ್ಷನ್ ಯಾಕ್ ಮಾಡಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಲು ಶುರುಮಾಡಿದ್ದಳು.